ಜಪಾನ್ ಅಂಗಡಿಯವರು ಬಂದ ವರ್ಷ

ಕಳೆದ ತಿಂಗಳು ಸಿಂಗಾಪುರದಲ್ಲಿ ಒಂದು ದೊಡ್ಡ ಜಪಾನಿ ಅಂಗಡಿಯ ನೆಲಮಾಳಿಗೆಗೆ ಇಳಿದೆ. ಕಳಸದ ನಮ್ಮ ಸಣ್ಣ ಬೆಳೆಗಾರರ ಗುಂಪಿನ ಪರವಾಗಿ ಕಾಫಿ ಮೇಳಕ್ಕೆ ಹೋಗಿದ್ದೆ. ಕೊನೆಯ ದಿನ ಮಧ್ಯಾಹ್ನ ಬಿಡುವಿತ್ತು. ಜೊತೆಯವರು ಸಮುದ್ರ ನೋಡಲು ಹೊರಟರು. ನಾನು ತಲೆನೋವೆಂದು ಸುಳ್ಳು ಹೇಳಿ ಒಬ್ಬಳೇ ಮೆಟ್ರೋ ಹತ್ತಿದೆ.

ಎಸ್ಕಲೇಟರ್ ಇಳಿದರೆ ಎಡಕ್ಕೆ ಸಿಹಿತಿಂಡಿ, ಬಲಕ್ಕೆ ಉಪ್ಪಿನಕಾಯಿ ಮತ್ತು ಒಣಮೀನು, ಎರಡನೇ ಕಂಬ ದಾಟಿದರೆ ಆ ಅಂಗಡಿಯವರೇ ನಡೆಸುವ ಮೇಳದ ಕಟ್ಟೆ. ಯಾರನ್ನೂ ಕೇಳದೆ ನಡೆದೆ. ಮೊದಲ ಸಲ ಕಾಲಿಟ್ಟ ಜಾಗ ಅದು, ಆದರೆ ದಾರಿ ಬಾಯಿಪಾಠವಾಗಿತ್ತು. ಎಂಟು ವರ್ಷದ ಹಿಂದೆ ಒಬ್ಬ ಹಿರಿಯರು ಹಾಜರಿ ಹಾಳೆಯ ಬೆನ್ನಿಗೆ ಈ ನಕ್ಷೆ ಬರೆದುಕೊಟ್ಟು, "ನೀವು ಇಲ್ಲಿ ನಿಲ್ಲುತ್ತೀರಿ" ಎಂದು ಒಂದು ಚುಕ್ಕೆ ಇಟ್ಟಿದ್ದರು. ಆ ಚುಕ್ಕೆಯ ಜಾಗದಲ್ಲಿ ಈಗ ಯಾರೋ ಯಾವುದೋ ದೇಶದ ಬೀಜ ಪುಡಿ ಮಾಡುತ್ತಿದ್ದರು. ಹಣ್ಣಿನ ಸಮೇತ ನೆರಳಲ್ಲಿ ಒಣಗಿಸಿದ ಕಾಫಿಯ ವಾಸನೆಯೇ ಬೇರೆ, ಮಾಗಿದ ಹಲಸೂ ಹೊಸ ಬೆಲ್ಲವೂ ಒಂದೇ ಕೋಣೆಯಲ್ಲಿಟ್ಟ ಹಾಗೆ. ಅದು ಮೂಗಿಗೆ ಬಡಿದದ್ದೇ ನನ್ನ ಕಾಲು ನಿಂತುಬಿಟ್ಟಿತು. ಅಂಗಡಿಯ ಹುಡುಗಿ ಬಾಗಿ ಒಂದು ಪುಟ್ಟ ಕಪ್ಪು ಮುಂದೆ ಹಿಡಿದಳು. ಕುಡಿಯಲಾಗಲಿಲ್ಲ.

ಆಗ ನಾನು ಬಾಳೂರಿನ ಮೇಲಿನ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಕಥೆ ಬರೆಯುವವಳಲ್ಲ. ಯಾರು ಕೆಲಸಕ್ಕೆ ಬಂದರು, ಎಷ್ಟು ಹಣ್ಣು ಕೊಯ್ದರು, ಎಷ್ಟು ಮಳೆ ಬಿತ್ತು ಎಂದು ದಿನಾ ಬರೆದಿಡುವ ಗುಮಾಸ್ತೆ. ನನ್ನ ಅಮ್ಮ ಗಿರಿಜಮ್ಮ ಅದೇ ಎಸ್ಟೇಟಿನಲ್ಲಿ ಮೂವತ್ತು ವರ್ಷ ಹಣ್ಣು ಕೊಯ್ದವಳು. ಅವಳ ಸೊಂಟದ ಬುಟ್ಟಿಯ ನೆರಳಲ್ಲೇ ಬೆಳೆದ ನಾನು ಮೂಡಿಗೆರೆಯಲ್ಲಿ ಬಿ.ಕಾಂ. ಮುಗಿಸಿ ಅದೇ ತೋಟದ ಆಫೀಸಿನಲ್ಲಿ ಕುರ್ಚಿ ಹಾಕಿ ಕೂತಾಗ ಅಮ್ಮ ಒಂದು ವಾರ ಆಫೀಸಿನ ದಾರಿಯಲ್ಲೇ ಓಡಾಡಿದ್ದಳು, ಕಿಟಕಿಯಿಂದ ನನ್ನನ್ನು ನೋಡಲಿಕ್ಕೆ.

ಎಸ್ಟೇಟಿನ ಯಜಮಾನರ ಸೊಸೆ ನಂದಿತಾ. ಮೈಸೂರಿನವಳು, ನನಗಿಂತ ಒಂದು ವರ್ಷ ದೊಡ್ಡವಳು. ಮದುವೆಯಾಗಿ ಬಂದ ಹೊಸದರಲ್ಲಿ ಬಂಗಲೆಯ ಜಗಲಿ ಬಿಟ್ಟು ಇಳಿದವಳಲ್ಲ. ಆಮೇಲೆ ಎಲ್ಲಿಂದಲೋ ಕಾಫಿ ರುಚಿ ನೋಡುವ ಹುಚ್ಚು ಹತ್ತಿಸಿಕೊಂಡು ಆಫೀಸಿಗೆ ಬರತೊಡಗಿದಳು. ಇಬ್ಬರೂ ಸೇರಿ ಬೇರೆ ಬೇರೆ ಇಳಿಜಾರಿನ ಬೀಜ ಹುರಿದು, ಬಿಸಿನೀರು ಹಾಕಿ, ಚಮಚದಲ್ಲಿ ಸುರ್ರೆಂದು ಎಳೆದು ಉಗುಳುತ್ತ ನಗುತ್ತಿದ್ದೆವು. ನಾಲ್ಕು ಜನರೆದುರು ನಾನವಳನ್ನು "ಅಕ್ಕಾವ್ರೆ, ನೀವು" ಎನ್ನುತ್ತಿದ್ದೆ. ಇಬ್ಬರೇ ಇದ್ದಾಗ, "ನೀವು ಗೀವು ಅಂದ್ರೆ ಎದ್ದು ಹೋಗ್ತೀನಿ ನೋಡು" ಎಂದು ಅವಳೇ ಗದರಿಸಿ "ನೀನು" ಎನ್ನುವುದನ್ನು ಕಲಿಸಿದ್ದಳು. ನನಗೆ ಅಂಥ ಇನ್ನೊಬ್ಬ ಗೆಳತಿ ಇರಲಿಲ್ಲ.

ಆ ಕಾಫಿ ಹುಟ್ಟಿದ್ದು ಒಂದು ಅಕಾಲದ ಮಳೆಯಿಂದ. ಕೊಯ್ಲಿನ ನಡುವೆ ನಾಲ್ಕು ದಿನ ಬಿಡದೆ ಹೊಡೆದಿತ್ತು. ಕಣದಲ್ಲಿ ಹರಡಲು ಜಾಗವಿಲ್ಲದೆ ಹಣ್ಣು ಚೀಲದಲ್ಲೇ ಕೊಳೆಯುವ ಹಾಗಾದಾಗ ಅಮ್ಮ, "ಏಲಕ್ಕಿ ಗೂಡು ಖಾಲಿ ಬಿದ್ದಿದೆಯಲ್ಲೇ, ಅಲ್ಲಿ ಹರಡುವ" ಎಂದಳು. ಹಿಂದೆ ಏಲಕ್ಕಿ ಒಣಗಿಸುತ್ತಿದ್ದ ಹಳೆಯ ಕಲ್ಲಿನ ಮನೆ ಅದು. ಬಿದಿರ ತಟ್ಟೆಗಳಲ್ಲಿ ಹಣ್ಣು ತೆಳ್ಳಗೆ ಹರಡಿ, ಕಿಟಕಿ ತೆರೆದಿಟ್ಟೆವು. ಯಾವಾಗ ಮಗುಚಬೇಕು, ಯಾವಾಗ ಗಾಳಿ ನಿಲ್ಲಿಸಬೇಕು ಎಂಬುದು ನನಗೂ ಗೊತ್ತಿರಲಿಲ್ಲ, ನಂದಿತಾಳಿಗೂ ಗೊತ್ತಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಒಮ್ಮೆ ಮೂಸುತ್ತಿದ್ದಳು. "ಮೂರನೇ ತಟ್ಟೆ ಕೂಗ್ತಾ ಉಂಟು, ಮಗುಚಿ" ಎನ್ನುತ್ತಿದ್ದಳು. ಆರು ವಾರ ಕಳೆದು ಒಣಗಿದ ಆ ಕಾಫಿಯನ್ನು ಹುರಿದು ಕುಡಿದಾಗ ನಂದಿತಾ ಉಗುಳುವುದನ್ನು ಮರೆತು ನುಂಗಿದಳು.

ಅದರ ಸ್ಯಾಂಪಲ್ ಅವಳು ಎಲ್ಲೆಲ್ಲಿಗೋ ಕಳಿಸಿದಳು. ಮುಂದಿನ ನವೆಂಬರಿನಲ್ಲಿ, ಕೊಯ್ಲು ಶುರುವಾಗುವ ಹೊತ್ತಿಗೆ, ಮೊರಿತಾ ಎಂಬುವರು ಬಂದರು. ಅರವತ್ತು ದಾಟಲು ಒಂದೆರಡು ತಿಂಗಳಿದ್ದ, ಸಣಕಲು ಮೈಯ, ಜಿಗಣೆಗೆ ಹೆದರಿ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡ ಮನುಷ್ಯ. ಜಪಾನಿನ ಹಳೆಯ ದೊಡ್ಡ ಅಂಗಡಿಗಳ ಕಂಪನಿಯೊಂದರಲ್ಲಿ ತಿನಿಸು ಪಾನೀಯಗಳ ಖರೀದಿ ಅವರದು. ಆ ಕಂಪನಿಯ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ಲೈನಿನಲ್ಲಿ, ಅಂದರೆ ಕೆಲಸದವರ ಮನೆಸಾಲಿನಲ್ಲಿ, ಎಲ್ಲರೂ "ಜಪಾನ್ ಅಂಗಡಿ" ಎಂದೇ ಕರೆದರು.

ಏಲಕ್ಕಿ ಗೂಡಿನ ಮೆಟ್ಟಿಲ ಮೇಲೆ ಕೂತು ಆ ಕಾಫಿ ಕುಡಿದ ಅವರು ಖಾಲಿ ಕಪ್ಪನ್ನು ಮತ್ತೊಮ್ಮೆ ಮೂಸಿದರು. ಆಮೇಲೆ ನಿಧಾನದ ಇಂಗ್ಲಿಷಿನಲ್ಲಿ ಕೇಳಿದರು, "ಇದನ್ನು ಮಾಡಿದವರು ಯಾರು?"

ನಂದಿತಾ ನನ್ನ ಭುಜ ಹಿಡಿದು ಮುಂದೆ ತಳ್ಳಿದಳು. "ಇವಳು, ಮತ್ತೆ ಇವಳ ಅಮ್ಮ." ಅವತ್ತು ಅವಳು ಹಾಗೆ ಹೇಳಿದ್ದು ನಿಜ. ಅದನ್ನು ನಾನು ಮರೆಯಬಾರದು.

ಮೊರಿತಾ ನಾಲ್ಕು ದಿನ ಇದ್ದರು. ಅಮ್ಮನ ಹಿಂದೆ ಹಿಂದೆಯೇ ಓಡಾಡಿದರು, ಅವಳು ಮೂಸಿದಲ್ಲೆಲ್ಲ ತಾವೂ ಮೂಸಿದರು. ಅಮ್ಮನಿಗೆ ಅವರ ಮಾತು ತಿಳಿಯದು, ಅವರಿಗೆ ಅಮ್ಮನದು. ಆದರೂ, "ಎಂತ ಮಾರಾಯ್ರೆ, ನಿಮ್ಮೂರಲ್ಲಿ ಮೂಗಿಲ್ವಾ?" ಎಂದು ಅವಳು ಕೇಳಿದಾಗ ಅವರು ತಲೆಬಾಗಿ "ಹೈ, ಹೈ" ಎಂದರು, ಅಂದರೆ ಹೌದು, ಹೌದು. ಲೈನಿನ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

ಒಂದು ದಿನ ಅವರನ್ನು ಜೀಪಿನಲ್ಲಿ ದೇವರಮನೆ ಗುಡ್ಡಕ್ಕೆ ಕರೆದೊಯ್ದೆವು. ಹುಲ್ಲುಬೋರೆಯ ಮೇಲೆ ಗಾಳಿ ಕಿತ್ತುಕೊಂಡು ಹೋಗುವಂತೆ ಬೀಸುತ್ತಿತ್ತು. ಅಲ್ಲಿ ಕೂತು ಅವರು ತಮ್ಮ ಅಂಗಡಿಯ ಕಥೆ ಹೇಳಿದರು. ನಂದಿತಾ ಒಂದು ಪಕ್ಕ, ನಾನೊಂದು ಪಕ್ಕ.

ಶುರುವಾದದ್ದು ಬಟ್ಟೆಯಿಂದಂತೆ. ಒಬ್ಬ ಮನುಷ್ಯ ರೇಷ್ಮೆ ಬಟ್ಟೆಯ ಗಂಟು ಬೆನ್ನಿಗೆ ಹೊತ್ತು ಮನೆಮನೆಗೆ ಹೋಗಿ ಮಾರುತ್ತಿದ್ದ. ಸರದಾರನಿಗೂ ಬಡವನಿಗೂ ಒಂದೇ ಬೆಲೆ ಹೇಳುತ್ತಿದ್ದ, ಬಟ್ಟೆಯಲ್ಲಿ ಒಂದು ಎಳೆ ತಪ್ಪಿದ್ದರೂ ತಾನೇ ಬೆರಳಿಟ್ಟು ತೋರಿಸುತ್ತಿದ್ದ. ಮಕ್ಕಳ ಕಾಲಕ್ಕೆ ಅಂಗಡಿಯಾಯಿತು, ಮೊಮ್ಮಕ್ಕಳ ಕಾಲಕ್ಕೆ ಪೇಟೆಯ ನಡುವೆ ಅಂತಸ್ತಿನ ಮೇಲೆ ಅಂತಸ್ತು ಎದ್ದಿತು. ಹೊಸ ಕಟ್ಟಡಕ್ಕೆ ಬಂದ ಜನ ದೇವಸ್ಥಾನಕ್ಕೆ ಬಂದವರ ಹಾಗೆ ಮರದ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದರು, ಸಂಜೆ ಯಾರದೋ ಚಪ್ಪಲಿ ಹಾಕಿಕೊಂಡು ಮನೆಗೆ ಮರಳುತ್ತಿದ್ದರು. ಆಮೇಲೆ ದೊಡ್ಡ ಭೂಕಂಪ, ಬೆಂಕಿ. ಕಟ್ಟಡ ಉರಿದುಹೋಯಿತು. ಅಂಗಡಿಯವರು ಡೇರೆ ಹಾಕಿ ವ್ಯಾಪಾರಕ್ಕೆ ಕೂತರು. ಅಂಗಡಿ ಮನೆ ಕಳೆದುಕೊಂಡ ಕುಂಬಾರರು, ನೇಕಾರರು, ಚಹಾ ಮಾಡುವವರನ್ನು ಕರೆದು, "ನಮ್ಮ ಡೇರೆಯಲ್ಲಿ ನಿಮ್ಮ ವಸ್ತುವಿನ ಪಕ್ಕ ನೀವೇ ನಿಂತು ಮಾರಿ" ಎಂದರು.

"ಅವತ್ತಿನಿಂದ ನಮ್ಮಲ್ಲಿ ಒಂದು ಪದ್ಧತಿ," ಮೊರಿತಾ ಹೇಳಿದರು. "ಮೇಳದಲ್ಲಿ ವಸ್ತುವಿನ ಪಕ್ಕ ಮಾಡಿದವರೇ ನಿಲ್ಲಬೇಕು. ಬೇರೆಯವರು ನಿಲ್ಲುವ ಹಾಗಿಲ್ಲ."

ಯುದ್ಧ ಮುಗಿದು ದೇಶ ಚೇತರಿಸಿಕೊಂಡ ಮೇಲೆ ಅಂಗಡಿ ಸಮುದ್ರ ದಾಟಿತು. ಹಾಂಗ್‌ಕಾಂಗ್, ಬ್ಯಾಂಕಾಕ್, ಸಿಂಗಾಪುರ, ಯುರೋಪಿನ ಒಂದೆರಡು ಊರು. ಇಪ್ಪತ್ತಾರರ ಪ್ರಾಯದಲ್ಲಿ ಮೊರಿತಾರನ್ನು ಬ್ಯಾಂಕಾಕಿನ ಹೊಸ ಅಂಗಡಿಗೆ ಕಳಿಸಿದರು. "ನಾವು ಊರಲ್ಲಿ ಹೇಗೆ ಜೋಡಿಸುತ್ತಿದ್ದೆವೋ ಅಲ್ಲೂ ಹಾಗೇ ಜೋಡಿಸಿದೆವು. ಜನ ತಂಪು ಗಾಳಿಗೆ ಬಂದು, ಮಕ್ಕಳನ್ನು ಎಸ್ಕಲೇಟರಿನಲ್ಲಿ ಆಡಿಸಿಕೊಂಡು ಹೋದರು. ಆ ಊರಿನವರಿಗೆ ಏನು ಬೇಕು ಎಂದು ನಾವು ಕೇಳಲೇ ಇಲ್ಲ." ಅದು ಮುಚ್ಚಿತು. ಇನ್ನೊಂದು ಊರಿನಲ್ಲಿ ತೆರೆದದ್ದು ಜಪಾನಿನವರು ಪ್ರವಾಸಿಗರಾಗಿ ಬರುವುದು ನಿಂತದ್ದೇ ಮುಚ್ಚಿತು. ಮೂರು ದೇಶಗಳಲ್ಲಿ ಕೊನೆಯ ದಿನ ಅವರೇ ಬಾಗಿಲಲ್ಲಿ ನಿಂತಿದ್ದರು. ಅಂಗಡಿ ಮುಚ್ಚುವ ದಿನ ನೌಕರರೆಲ್ಲ ಸಾಲಾಗಿ ನಿಂತು, ರೋಲಿಂಗ್ ಶಟರ್ ನೆಲ ಮುಟ್ಟುವವರೆಗೂ ತಲೆಬಾಗಿ ನಿಲ್ಲಬೇಕಂತೆ. "ಶಟರ್ ತುಂಬ ನಿಧಾನ ಇಳಿಯುತ್ತದೆ," ಎಂದು ನಕ್ಕರು. ಆದರೆ ಕಣ್ಣು ಒರೆಸಿಕೊಂಡರು. ಗಾಳಿಗೋ ಏನೋ. ಸಿಂಗಾಪುರದ್ದು ಮಾತ್ರ ಉಳಿದುಕೊಂಡಿತ್ತು, ಅಲ್ಲಿನವರ ಮಾತು ಕೇಳುವುದನ್ನು ಕಲಿತಿದ್ದರಿಂದ. ಮಾರ್ಚ್‌ನಲ್ಲಿ ಅಲ್ಲಿ ಹತ್ತು ದಿನದ ಮೇಳ. ಅದು ಅವರ ನೌಕರಿಯ ಕೊನೆಯ ಮೇಳ.

"ರತ್ನಾ ಸಾನ್," ಎಂದರು ನನ್ನ ಕಡೆ ತಿರುಗಿ, ನಮ್ಮ "ಅವ್ರೇ" ಇದ್ದ ಹಾಗೆ ಅವರದು "ಸಾನ್". "ನೀವು ಬಂದು ನಿಲ್ಲಬೇಕು. ಪ್ಯಾಕೆಟ್ಟಿನ ಮೇಲೆ ನಿಮ್ಮ ತಾಯಿಯ ಫೋಟೋ, ಇಬ್ಬರ ಹೆಸರು."

ಅಮ್ಮನನ್ನೂ ಕರೆದರು. ಅವಳು, "ನಂಗೆ ಜೀಪಲ್ಲೇ ವಾಂತಿ. ವಿಮಾನದಲ್ಲಿ ಎಂತ ಕಥೆ? ಮಗಳು ಹೋಗಲಿ," ಎಂದುಬಿಟ್ಟಳು.

ಆ ಕೊಯ್ಲಿನ ಹಾಗೆ ನಾನು ಯಾವ ಕೊಯ್ಲಿನಲ್ಲೂ ಕೆಲಸ ಮಾಡಿಲ್ಲ. ಬೆಳಗಿನ ಮಂಜು ಹರಿಯುವ ಮೊದಲೇ ಗಿಡದ ಬುಡದಲ್ಲಿರುತ್ತಿದ್ದೆವು. ಆ ವರ್ಷ ಅಮ್ಮ ಒಂದು ಅರೆಗಾಯಿಯನ್ನೂ ಬುಟ್ಟಿಗೆ ಬಿಡಲಿಲ್ಲ. ಕೊಯ್ಯುವವರು ಅವಳಿಗೆ "ಜಪಾನ್ ಮೇಸ್ತ್ರಿ" ಎಂದು ಹೆಸರಿಟ್ಟರು. ಮಧ್ಯಾಹ್ನ ತಟ್ಟೆ ಮಗುಚುವುದು, ಸಂಜೆ ನಂದಿತಾಳ ಜೊತೆ ಇಂಗ್ಲಿಷ್ ಅಭ್ಯಾಸ. ಅವಳು ಗಿರಾಕಿ, ನಾನು ಮಾರುವವಳು.

"ಎಕ್ಸ್‌ಕ್ಯೂಸ್ ಮಿ, ಇದು ಯಾಕೆ ಇಷ್ಟು ಸಿಹಿ?" ಎಂದು ಮೂಗಿನಲ್ಲಿ ಕೇಳುತ್ತಿದ್ದಳು.

ನಾನು ತಡವರಿಸಿದರೆ, "ನಿನ್ನ ಕಥೆ ಹೇಳೇ ಮಾರಾಯ್ತಿ. ಮಳೆ, ಅಮ್ಮನ ಮೂಗು, ಬುಟ್ಟಿ. ಬೇರೆ ಎಂತ ಬೇಕು?" ಎನ್ನುತ್ತಿದ್ದಳು. ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಡು, ನಾನು ಇಂಗ್ಲಿಷ್ ಮಾಡಿಕೊಡುತ್ತೇನೆ ಎಂದಳು. ಎಂಟು ಹಾಳೆ ಬರೆದೆ. ಅಪ್ಪ ಸತ್ತ ವರ್ಷ ಅಮ್ಮ ಹದಿಮೂರನೇ ದಿನಕ್ಕೇ ಬುಟ್ಟಿ ಕಟ್ಟಿಕೊಂಡು ತೋಟಕ್ಕೆ ಹೋದದ್ದು, ಕೊಯ್ಯುವಾಗ ನಿದ್ದೆ ಬಾರದಿರಲೆಂದು ಹಣ್ಣಿನ ಸಿಪ್ಪೆ ಚೀಪುತ್ತ ಅವಳಿಗೆ ಆ ರುಚಿ, ವಾಸನೆ ಎಲ್ಲ ತಿಳಿದದ್ದು. ಅದುವರೆಗೆ ಯಾರಿಗೂ ಹೇಳದ್ದನ್ನೆಲ್ಲ ನಂದಿತಾಳ ಕೈಗೆ ಕೊಟ್ಟೆ. ಓದಿ ಅವಳು ನನ್ನನ್ನು ತಬ್ಬಿಕೊಂಡು ಅತ್ತಳು.

ಪಾಸ್‌ಪೋರ್ಟ್ ಬಂತು. ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ ದೇವರ ಮುಂದೆ ಇಟ್ಟಳು. ಜನವರಿ ಕೊನೆಗೆ ಹನ್ನೆರಡು ಮೂಟೆ ಕಾಫಿ ಲಾರಿ ಹತ್ತಿತು. ಅದರ ಹಿಂದೆ ನಾವು ಮೂವರೂ, ಅಮ್ಮ, ನಂದಿತಾ, ನಾನು, ಗೇಟಿನವರೆಗೆ ನಡೆದುಕೊಂಡು ಹೋದೆವು.

ಫೆಬ್ರವರಿ ನಡುವಿನಲ್ಲಿ ಒಂದು ಮಧ್ಯಾಹ್ನ ನಂದಿತಾ ಏಲಕ್ಕಿ ಗೂಡಿಗೆ ಬಂದು ಮಗುಚಿಟ್ಟ ಬುಟ್ಟಿಯ ಮೇಲೆ ಕೂತಳು. ಮುಖ ಕಪ್ಪಿಟ್ಟಿತ್ತು.

"ರತ್ನ, ಹೇಗೆ ಹೇಳ್ಲಿ... ಮೇಳ ಇಲ್ವಂತೆ. ಆ ಸಿಂಗಾಪುರದ ಅಂಗಡೀನೂ ಮುಚ್ತಿದಾರಂತೆ."

"ಮುಚ್ತಿದಾರೆ? ಅದೊಂದೇ ಉಳಿದಿತ್ತಲ್ಲ?"

"ಹೊರದೇಶದ್ದೆಲ್ಲ ನಿಲ್ಲಿಸ್ತಾರಂತೆ. ಮೊರಿತಾ ಮೇಲ್ ಮಾಡಿದಾರೆ. ಕಾಫಿ ಮಾತ್ರ ಜಪಾನಲ್ಲೇ ಮಾರ್ಕೊಳ್ತಾರಂತೆ."

ಮೊರಿತಾರ ಜೊತೆಗಿನ ಪತ್ರವ್ಯವಹಾರವೆಲ್ಲ ಮೊದಲಿನಿಂದಲೂ ಅವಳ ಕೈಯಲ್ಲೇ ಇತ್ತು. ನಾನು ನಂಬಿದೆ. ನಂಬದಿರಲು ಏನಿತ್ತು? ಒಂದಾದ ಮೇಲೊಂದು ಬಾಗಿಲು ಮುಚ್ಚಿದ ಕಥೆಯನ್ನು ಮೊರಿತಾರ ಬಾಯಿಂದಲೇ ಇಬ್ಬರೂ ಕೇಳಿದ್ದೆವು. ನನಗೆ ನನ್ನ ಪ್ರಯಾಣ ತಪ್ಪಿದ್ದಕ್ಕಿಂತ ಹೆಚ್ಚಾಗಿ ಆ ಮುದುಕರ ಚಿತ್ರವೇ ಕಣ್ಣಿಗೆ ಕಟ್ಟಿತು. ನೌಕರಿಯ ಕೊನೆಯಲ್ಲಿ ನಾಲ್ಕನೇ ಸಲ ಶಟರ್ ಇಳಿಯುವುದನ್ನು ತಲೆಬಾಗಿ ಕಾಯುತ್ತಿರುವವರು. "ಪಾಪ, ಅವರಿಗೆ ಹೇಗಾಗಿರಬೇಡ," ಎಂದೆ. ನಂದಿತಾ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅವಳ ಬೆನ್ನು ಸವರಿ, ನೀರು ಕುಡಿಸಿ, ಬಂಗಲೆಯವರೆಗೆ ಬಿಟ್ಟುಬಂದವಳು ನಾನೇ. ಇವತ್ತಿಗೂ ನನ್ನ ಕೈ ನನಗೇ ನಾಚಿಕೆ ತರಿಸುವುದು ಆ ಒಂದು ಕೆಲಸಕ್ಕೆ.

ಅಮ್ಮನಿಗೆ ಹೇಳಿದಾಗ ಅವಳು ಪಾಸ್‌ಪೋರ್ಟನ್ನು ದೇವರ ಮುಂದಿನಿಂದ ತೆಗೆದು ಬಟ್ಟೆಯ ಪೆಟ್ಟಿಗೆಯಲ್ಲಿಟ್ಟಳು. "ಎಲ್ಲಿಗೆ ಹೋಗ್ತದೆ? ಹತ್ತು ವರ್ಷ ಇರ್ತದಂತಲ್ಲ," ಎಂದಳು.

ಮಾರ್ಚ್‌ನಲ್ಲಿ ನಂದಿತಾ ಎರಡು ವಾರ ತವರಿಗೆ ಹೋದಳು. ಅವಳು ಹೋದ ಮೇಲೆ ಹೂಮಳೆ ಬಿತ್ತು. ಏಳೆಂಟು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ವಾಸನೆಗೆ ತಲೆ ತಿರುಗುವಂತಾಯಿತು. ಹೂ ನೋಡಲು ಅವಳಿಲ್ಲವಲ್ಲ ಎಂದು ನಾನು ಫೋಟೋ ತೆಗೆದು ಕಳಿಸಿದೆ. "ಮಿಸ್ಸಿಂಗ್ ಇಟ್" ಎಂದು ಉತ್ತರ ಬಂತು, ಜೊತೆಗೊಂದು ಅಳುವ ಮುಖ.

ಏಪ್ರಿಲಿನ ಒಂದು ಬೆಳಗ್ಗೆ ಲೈನಿನ ನಲ್ಲಿಯ ಹತ್ತಿರ ಒಂದು ಟ್ಯಾಕ್ಸಿ ನಿಂತಿತು. ನಾನು ಆಫೀಸಿಗೆ ಹೊರಡುತ್ತ ಮನೆಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅಮ್ಮ ಕೊಡ ತುಂಬಿಸುತ್ತಿದ್ದಳು. ಚಿಕ್ಕಮಗಳೂರಿನ ಡ್ರೈವರ್ ಇಳಿದು ಅವಳನ್ನೇ ಕೇಳಿದ:

"ಅಮ್ಮಾ, ಇಲ್ಲಿ ಮೊನ್ನೆ ತೀರಿಕೊಂಡ್ರಲ್ಲ ಗಿರಿಜಮ್ಮ ಅಂತ, ಅವರ ಮನೆ ಯಾವುದು?"

ಅಮ್ಮ ನಲ್ಲಿ ನಿಲ್ಲಿಸಿದಳು. "ಗಿರಿಜಮ್ಮ ನಾನೇ. ತೀರಿಕೊಂಡದ್ದು ಯಾರು?"

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಮೊರಿತಾ ಇಳಿದರು. ಕಪ್ಪು ಕೋಟು, ಕಪ್ಪು ಟೈ. ಎರಡೂ ಕೈಯಲ್ಲಿ ಬಿಳಿ ಹೂವಿನ ಕಟ್ಟು. ಅಮ್ಮನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು, ಬೆನ್ನು ಕಾರಿಗೆ ತಾಗಿತು. ಅವರು ಅಮ್ಮನ ಕಾಲು ನೋಡಿದರು, ಮುಖ ನೋಡಿದರು, ಮತ್ತೆ ಕಾಲು ನೋಡಿದರು. ಅಮ್ಮ ಸಂತೋಷದಿಂದ, "ಅಯ್ಯೋ, ಮೂಗಿನವರು!" ಎಂದು ಒದ್ದೆ ಕೈಯಲ್ಲೇ ಹೂವಿನ ಕಟ್ಟು ಈಸಿಕೊಂಡಳು. ತನಗೇ ತಂದದ್ದೆಂದುಕೊಂಡಳು. ತಂದದ್ದೂ ಅವಳಿಗೇ.

ನಾನು ಓಡಿಬಂದೆ. ಮೊರಿತಾ ನನ್ನನ್ನು ನೋಡಿ ಕೇಳಿದ ಮೊದಲ ಮಾತು, "ರತ್ನಾ ಸಾನ್, ನಿಮ್ಮ ತಾಯಿ ಫೆಬ್ರವರಿಯಲ್ಲಿ ತೀರಿಕೊಳ್ಳಲಿಲ್ಲವೇ?"

ಒಳಗೆ ಚಾಪೆಯ ಮೇಲೆ ಕೂರಿಸಿದೆವು. ನಾನು ಕೇಳುತ್ತ ಹೋದೆ, ಅವರು ಹೇಳುತ್ತ ಹೋದರು. ಸಿಂಗಾಪುರದ ಅಂಗಡಿ ಮುಚ್ಚಿರಲಿಲ್ಲ. ಮೇಳ ನಡೆದಿತ್ತು. ಫೆಬ್ರವರಿಯಲ್ಲಿ ನಂದಿತಾ ಅವರಿಗೆ ಮೇಲ್ ಮಾಡಿದ್ದಳು: ರತ್ನಳ ತಾಯಿ ಹಠಾತ್ತನೆ ತೀರಿಕೊಂಡರು, ಅವಳು ಮಾತಾಡುವ ಸ್ಥಿತಿಯಲ್ಲಿಲ್ಲ, ದಯವಿಟ್ಟು ಯಾರೂ ಸಂಪರ್ಕಿಸಬೇಡಿ, ಆ ಕಾಫಿ ಮಾಡುವಾಗ ಜೊತೆಗಿದ್ದ ನಾನು ಅವಳ ಪರವಾಗಿ ಬಂದು ನಿಲ್ಲುತ್ತೇನೆ ಎಂದು. ಹತ್ತು ದಿನವೂ ನಂದಿತಾ ಕೈಮಗ್ಗದ ಸೀರೆ ಉಟ್ಟು ಆ ಕಟ್ಟೆಯ ಮೇಲೆ ನಿಂತಿದ್ದಳು. ನನ್ನ ಎಂಟು ಹಾಳೆಗಳನ್ನು ಹೇಳಿದ್ದಳು. ಹಣ್ಣಿನ ಸಿಪ್ಪೆ ಚೀಪಿದ್ದು, ಬುಟ್ಟಿ, ಮಳೆ ಎಲ್ಲ. ಗಿರಿಜಮ್ಮ ತನ್ನನ್ನು ಮಗಳ ಹಾಗೆ ಪಕ್ಕದಲ್ಲಿ ಕೂರಿಸಿಕೊಂಡು ಮೂಸುವುದನ್ನು ಕಲಿಸಿದಳೆಂದು ಹೇಳಿದ್ದಳು. ಆ ಕಥೆಯಲ್ಲಿ ನಾನಿರಲಿಲ್ಲ.

ಮೊರಿತಾ ಚೀಲದಿಂದ ಒಂದು ಪ್ಯಾಕೆಟ್ ತೆಗೆದು ಎರಡೂ ಕೈಯಲ್ಲಿ ಮುಂದಿಟ್ಟರು. ಬುಟ್ಟಿ ಹಿಡಿದು ನಗುತ್ತಿರುವ ಅಮ್ಮನ ಫೋಟೋ. ಅದರ ಮೂಲೆಗೆ ಅಡ್ಡಲಾಗಿ ತೆಳ್ಳನೆಯ ಒಂದು ಕಪ್ಪು ಪಟ್ಟಿ. ಗಿರಾಕಿಗಳು ಆ ಫೋಟೋದ ಮುಂದೆ ಹೂವಿಟ್ಟು ಹೋದರಂತೆ. ಒಬ್ಬ ಮುದುಕಿ ದಿನಾ ಬಂದು ಕೈಮುಗಿಯುತ್ತಿದ್ದಳಂತೆ. ಮೇಳಕ್ಕೆಂದು ಇಟ್ಟ ಕಾಫಿ ನಾಲ್ಕನೇ ದಿನಕ್ಕೇ ಮುಗಿದು, ಜಪಾನಿನಿಂದ ಇನ್ನಷ್ಟು ತರಿಸಿದ್ದರು.

ಅಮ್ಮ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು. "ಚೆನ್ನಾಗಿ ಬಂದಿದೆ. ಇದೆಂತ ಕಪ್ಪು?"

ನಾನು ಹೇಳಲೇಬೇಕಾಯಿತು. ನಾನು ಹೇಳಿ ಮುಗಿಸುವವರೆಗೂ ಅವಳು ಆ ಪಟ್ಟಿಯ ಮೇಲೆ ಬೆರಳಾಡಿಸುತ್ತಲೇ ಇದ್ದಳು, ಉಗುರಿನಿಂದ ಕೆರೆದರೆ ಹೋಗಬಹುದೇನೋ ಎಂಬಂತೆ. ಆಮೇಲೆ ಕೇಳಿದಳು, "ನಾನು ಸತ್ತೆ ಅಂತ ಜನರಿಗೆ ಹೇಳ್ವಾಗ ಅವಳು ಅತ್ತಳಂತಾ? ಕೇಳು."

ಕೇಳಿದೆ. ಮೊರಿತಾ ತಲೆಯೆತ್ತದೆ ಹೇಳಿದರು, "ದಿನಾ ಅಳುತ್ತಿದ್ದರು. ನಿಜವಾಗಿ ಅಳುತ್ತಿದ್ದರು."

"ಹೌದಾ," ಎಂದಳು ಅಮ್ಮ. ಎದ್ದು ಕಾಫಿಗೆ ನೀರಿಟ್ಟಳು.

ಮೊರಿತಾ ಹೋಗುವ ಮುನ್ನ ಅಂಗಳದಲ್ಲಿ ಅಮ್ಮನ ಮುಂದೆ ಮೊಣಕಾಲೂರಿ, ಹಣೆ ನೆಲಕ್ಕೆ ಮುಟ್ಟಿಸಿದರು. ಅಂಗಡಿಗೆ ತಿಳಿಸಿ ಎಲ್ಲವನ್ನೂ ತಿದ್ದಿಸುತ್ತೇನೆ, ಇದು ನನ್ನ ಮಾತು ಎಂದರು. ಲೈನಿನವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವತ್ತು ಯಾರೂ ನಗಲಿಲ್ಲ.

ಮೊರಿತಾ ಮುಂದಿನ ವಾರ ಬರುತ್ತಾರೆಂದು ನಂದಿತಾ ತಿಳಿದಿದ್ದಳಂತೆ. ಬಂದಾಗ ಹೇಗೋ ಬಂಗಲೆಯಲ್ಲೇ ಕೂರಿಸಿ ಕಳಿಸುವ ಯೋಚನೆಯಿತ್ತು. ಸಂಜೆ ಚಿಕ್ಕಮಗಳೂರಿನಿಂದ ಅವಳು ಮರಳಿದಾಗ ನಾನು ಆಫೀಸಿನಲ್ಲಿ ಕಾಯುತ್ತಿದ್ದೆ. ಮೇಜಿನ ಮೇಲೆ ಪ್ಯಾಕೆಟ್ ಇಟ್ಟಿದ್ದೆ. ಅವಳು ಅದನ್ನು ನೋಡಿದಳು, ಬಾಗಿಲು ಹಾಕಿದಳು, ನಿಂತೇ ಇದ್ದಳು.

"ಮಾವನವರು ಒಪ್ಪಲಿಲ್ಲ ರತ್ನ. ರೈಟರ್ ಹೋಗಿ ನಿಂತ್ರೆ ಎಸ್ಟೇಟಿನ ಮರ್ಯಾದೆ..."

"ದೊಡ್ಡವರು ಜಗಲಿ ಮೇಲೆ ಕೂತಿದಾರೆ. ಹೋಗಿ ಕೇಳ್ಲಾ?"

ಹೊರಗೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಕಡೆಯಿಂದ ಯಾರೋ ಯಾರನ್ನೋ ಕರೆಯುತ್ತಿದ್ದರು. "ಕೇಳ್ಬೇಡ," ಎಂದಳು ನಂದಿತಾ. "ನಂಗೇ ಹೋಗ್ಬೇಕಿತ್ತು. ಮದುವೆಯಾಗಿ ಒಂಬತ್ತು ವರ್ಷ. ಈ ಮನೇಲಿ ನಾನು ಮಾಡಿದ್ದು ಅಂತ ಒಂದು ವಸ್ತು ಇಲ್ಲ. ನಿಮ್ಮಿಬ್ಬರ ಜೊತೆ ಆ ಗೂಡಲ್ಲಿ ಇದ್ದಾಗ ಮಾತ್ರ... ಅದು ನಂದೂ ಅಂತ ಅನ್ನಿಸ್ತಿತ್ತು."

"ಅಮ್ಮನ್ನ ಯಾಕೆ ಸಾಯಿಸಿದ್ರಿ?"

"ರಿ" ಎಂದದ್ದು ಅವಳಿಗೆ ಚುಚ್ಚಿತು. ನಾನು ಬೇಕೆಂದೇ ಹೇಳಿದ್ದಲ್ಲ, ಬಾಯಿಗೆ ಹಾಗೆ ಬಂತು. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡು ಹೇಳಿದಳು:

"ನಿಂಗೆ ಜ್ವರ ಅಂದ್ರೆ, ಪಾಸ್‌ಪೋರ್ಟ್ ಬರ್ಲಿಲ್ಲ ಅಂದ್ರೆ, ಅವರು ನಿಂಗೋಸ್ಕರ ಕಾಯ್ತಿದ್ರು ರತ್ನ. ಏನು ಹೇಳಿದ್ರೂ ಕಾಯ್ತಿದ್ರು."

ಆಮೇಲೆ ನಾವು ಮಾತಾಡಿಲ್ಲ. ಮೇ ತಿಂಗಳಿಗೆ ನಾನು ಕೆಲಸ ಬಿಟ್ಟೆ. ಜಾವಳಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ಅಮ್ಮನನ್ನು ಕರೆದುಕೊಂಡು ಬಂದೆ. ಮೂವತ್ತು ವರ್ಷದ ಸಾಮಾನು ಒಂದೇ ಜೀಪಿಗೆ ಸಾಕಾಯಿತು.

ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ, ಮೊರಿತಾರ ಕಾಗದ ಬಂತು. ನೌಕರಿಯಿಂದ ನಿವೃತ್ತರಾಗಿದ್ದರು. ಅಂಗಡಿಯ ಮೇಲಿನವರು ಕೂತು ಚರ್ಚಿಸಿ, ಉಳಿದ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಹಿಂತೆಗೆದುಕೊಳ್ಳುವುದೆಂದೂ, ತಿದ್ದುಪಡಿ ಏನೂ ಪ್ರಕಟಿಸುವುದಿಲ್ಲವೆಂದೂ ತೀರ್ಮಾನಿಸಿದ್ದರು. ಹೂವಿಟ್ಟು ಅತ್ತ ಗಿರಾಕಿಗಳಿಗೆ ನೋವಾಗುತ್ತದೆ ಎಂಬ ಕಾರಣಕ್ಕೆ. ಕಾಗದದ ಕೊನೆಗೆ ಬರೆದಿದ್ದರು: "ಬಟ್ಟೆ ಹೊತ್ತ ಮನುಷ್ಯನ ಕಥೆ, ಡೇರೆಯ ಕಥೆ, ಎಲ್ಲವೂ ನಾನು ಕೆಲಸಕ್ಕೆ ಸೇರಿದ ವರ್ಷ ಹಿರಿಯರು ನನಗೆ ಹೇಳಿದ್ದು. ನಲವತ್ತು ವರ್ಷ ಎಲ್ಲ ದೇಶಗಳಲ್ಲೂ ನಾನದನ್ನು ಹೇಳಿಕೊಂಡು ಬಂದೆ. ಅದರಲ್ಲಿ ಎಷ್ಟು ನಿಜವೋ ಈಗ ನನಗೆ ತಿಳಿಯದು. ಕ್ಷಮಿಸಿ." ಸಿಂಗಾಪುರದ ಲೆಕ್ಕದಲ್ಲಿ ಅಮ್ಮ ಸತ್ತೇ ಇದ್ದಳು. ಆ ಕಾಗದವನ್ನು ನಾನು ಅವಳಿಗೆ ಓದಿ ಹೇಳಲಿಲ್ಲ.

ಆ ಡಿಸೆಂಬರಿನಲ್ಲಿ ಮತ್ತೆ ಅಕಾಲದ ಮಳೆ. ಕಳಸದಲ್ಲಿ ನನಗೆ ಹೊಸ ಕೆಲಸ ಸಿಕ್ಕಿತ್ತು. ಅವತ್ತು ರಜೆಯ ಮೇಲೆ ಜಾವಳಿಯ ಮನೆಯಲ್ಲಿದ್ದೆ. ಎಸ್ಟೇಟಿನ ಜೀಪು ಬಂದು ಅಂಗಳದಲ್ಲಿ ನಿಂತಿತು. ಡ್ರೈವರ್ ಸುಂದರ ಇಳಿದು, ಜಗಲಿ ಹತ್ತದೆ, ಟೋಪಿ ತಿರುಚುತ್ತ ನಿಂತ.

"ಗಿರಿಜಮ್ಮ, ಅಕ್ಕಾವ್ರು ಕಳಿಸಿದ್ರು. ಗೂಡಲ್ಲಿ ಈ ಸಲ ನಲವತ್ತು ಮೂಟೆಯಷ್ಟು ಹಣ್ಣು ಹರಡಿದಾರೆ. ಮಳೆಗೆ ಎಂತದೋ ಆಗ್ತಾ ಉಂಟು. ಯಾರಿಗೂ ಗೊತ್ತಾಗ್ತಿಲ್ಲ. ಬರ್ಲಿಕ್ಕೆ ಆಗ್ತದಾ ಅಂತ..."

ನನಗೆ ಮೈ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕೇಳಿದಳು, "ಹರಡಿ ಎಷ್ಟು ದಿನ?"

"ಒಂಬತ್ತು."

"ವಾಸನೆ ಹೆಂಗುಂಟು? ಹುಳಿಯಾ, ಕೊಳೆತದ್ದಾ?"

"ಹುಳಿ. ಹುಳಿಯೇ ಗಿರಿಜಮ್ಮ."

ಅವಳು ತಲೆಗೆ ವಸ್ತ್ರ ಕಟ್ಟಿಕೊಳ್ಳತೊಡಗಿದಳು. ನಾನು ಕೈ ಹಿಡಿದೆ. "ನೀನು ಹೋಗ್ತೀಯಾ?"

"ಹುಳಿ ಇದ್ರೆ ಇನ್ನೂ ಉಳಿಸ್ಬಹುದು ಕಣೆ."

"ಅಮ್ಮಾ, ನಿನ್ನ ಸತ್ತಳು ಅಂದವಳು ಅವಳು."

"ಹೌದು. ಅದು ಅವಳ ಬಾಯಿ. ಹಣ್ಣು ಎಂತ ಮಾಡಿತ್ತು?"

"ಹಾಗಾದ್ರೆ ನಂಗೆ ಮಾಡಿದ್ದು?"

ಅಮ್ಮ ನನ್ನ ಮುಖವನ್ನೇ ನೋಡಿದಳು. ತಟ್ಟೆಯ ಮುಂದೆ ನಿಂತು ಮೂಸುವಾಗ ಅವಳ ಹಣೆಯಲ್ಲಿ ಮೂಡುವ ಗೆರೆಗಳು ಮೂಡಿದವು. "ಅದಕ್ಕೆ ನನ್ನ ಹತ್ರ ಮದ್ದಿಲ್ಲ ಮಗ," ಎಂದಳು. ಕೈ ಬಿಡಿಸಿಕೊಂಡು ಮೆಟ್ಟಿಲಿಳಿದು ಜೀಪಿನ ಮುಂದಿನ ಸೀಟಿನಲ್ಲಿ ಕೂತಳು.

"ಫೋನ್ ಮಾಡಿ ಹೇಳು ನಿಮ್ಮ ಅಕ್ಕಾವ್ರಿಗೆ," ಸುಂದರನಿಗೆ ಹೇಳಿದಳು. "ಸತ್ತವಳು ಬರ್ತಿದಾಳೆ, ಅಷ್ಟರಲ್ಲಿ ಗೂಡಿನ ಕಿಟಕಿ ಎಲ್ಲ ತೆಗೆಸಿಡಲಿ ಅಂತ."

ಸುಂದರ ನಗಬೇಕೋ ಬೇಡವೋ ತಿಳಿಯದೆ ನನ್ನ ಕಡೆ ನೋಡಿದ. ಗಾಡಿ ಹೊರಟಿತು. ಅಮ್ಮ ಹಿಂತಿರುಗಿ ನೋಡಲಿಲ್ಲ. ಮಳೆ ಜೋರಾಗುವವರೆಗೂ ನಾನು ಅಂಗಳದಲ್ಲೇ ನಿಂತಿದ್ದೆ.